ನೀಲಿ ಅಂಗಿಯ ಐದು ಚುಕ್ಕಿ

ಮಸ್ಕಿಯ ಆ ಮುದಿ ದರ್ಜಿ ಸೂಜಿಗೆ ದಾರ ಪೋಣಿಸುವಾಗಲೂ ಫುಟ್‌ಬಾಲ್ ಮಾತನ್ನೇ ಆಡುತ್ತಿದ್ದರು. "ನಮ್ಮ ದೇಶದವರು ಬರಿಗಾಲಾಗ ಆಡ್ಯಾರ್ರೀ ಅಕ್ಕಾ" ಎಂದು ದಿನಕ್ಕೊಮ್ಮೆಯಾದರೂ ಹೇಳುವರು.

ಲಿಂಗಸುಗೂರಿನ ಶಾಲಾ ಪಂದ್ಯಕ್ಕೆ ನನ್ನ ಮಗಳು ಅವರಿಂದ ದೇಶದ ತಂಡದಂಥ ನೀಲಿ ಅಂಗಿ ಹೊಲಿಸಿದಳು. ಮೊಬೈಲಿನಲ್ಲಿ ಬ್ರೆಜಿಲ್ ತಂಡದ ಅಂಗಿ ನೋಡಿ, ಚೆಂದಕ್ಕೆಂದು ಲಾಂಛನದ ಮೇಲೆ ನಾನೇ ಐದು ಚುಕ್ಕಿ ಕಸೂತಿ ಹಾಕಿದೆ.

ಪಂದ್ಯದ ಹಿಂದಿನ ದಿನ ತೋಳು ಬಿಗಿ ಮಾಡಿಸಲು ಮಗಳೊಂದಿಗೆ ಹೋದಾಗ ದರ್ಜಿ ಬೆಚ್ಚಿಬಿದ್ದರು. ಬ್ಲೇಡ್ ತೆಗೆದು ಚುಕ್ಕಿಗಳನ್ನು ಬಿಚ್ಚತೊಡಗಿದರು.

"ಒಂದು ಚುಕ್ಕಿ ಅಂದ್ರ ಒಂದು ವಿಶ್ವಕಪ್ ಗೆದ್ದಂಗ್ರೀ ಅಕ್ಕಾ. ನಾವು ಒಂದೂ ಗೆದ್ದಿಲ್ಲ."

ಮಗಳು ಅಳುತ್ತ ಕೇಳಿದಳು, "ಗೆದ್ರ ಹಾಕಿಕೊಡ್ತೀಯೇನು ತಾತಾ?"

"ನಾನೇ ಹಾಕ್ತೀನವ್ವಾ."

"ಅಲ್ಲೀತನಾ ನೀ ಇರ್ತೀಯೇನು?"

ಗಾಬರಿಯಾಗಿ ಅವಳ ಬಾಯಿ ಮುಚ್ಚಿದೆ. ದರ್ಜಿ ಬ್ಲೇಡ್ ಕೆಳಗಿಟ್ಟು ಅವಳನ್ನೇ ನೋಡಿದರು.

"ಹಂಗಾದ್ರ ಲಗೂನ ಗೆಲ್ಲು."