ಎಲ್ಲರ ಮನೆಗೂ ಒಂದೇ ಕೀಲಿ

ನಮ್ಮ ಯಜಮಾನರು ಬೀಗ ರಿಪೇರಿ ಮಾಡುವವರು. ಊರಿನ ಅರ್ಧ ಬಾಗಿಲುಗಳಿಗೆ ಅವರ ಕೈ ತಾಗಿದೆ. ನಮ್ಮ ಬಚ್ಚಲ ಬಾಗಿಲಿನ ಚಿಲಕ ಮಾತ್ರ ಮದುವೆಯಾದಾಗಿನಿಂದ ದಾರದ ಮೇಲೇ ನಿಂತಿದೆ. ಇಂಥವರ ಜೊತೆ ಏಗುವವಳು ನಾನು.

ಮಿಲ್ಲು ಮುಚ್ಚಿದ ಮೇಲೆ ನಮ್ಮ ಓಣಿಯ ಗತಿ ಕೆಟ್ಟಿತು. ಬೀದಿ ದೀಪ ಆರಿದರೆ ಕೇಳುವವರಿಲ್ಲ. ಕತ್ತಲಾದರೆ ಸಾಕು, ಒಂದು ಕಡೆ ಬ್ಯಾಗು ಕಸಿಯುತ್ತಾರೆ, ಇನ್ನೊಂದು ಕಡೆ ಬಾಗಿಲು ಮುರಿಯುತ್ತಾರೆ. ಇಂಥ ಹೊತ್ತಿನಲ್ಲೇ ನಮ್ಮ ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಗೆ ಸೇರಿದಳು, ಅದೂ ಸಂಜೆ ಪಾಳಿಗೆ. ಬಸ್ಸಿಳಿದು ಓಣಿಯ ಕೊನೆಯಲ್ಲಿರುವ ನಮ್ಮ ಮನೆ ಸೇರುವವರೆಗೆ ನನಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಬಿಟ್ಟುಬಿಡು ಅಂದರೆ ಕೇಳಬೇಕಲ್ಲ!

"ಮೊದಲನೇ ಸಲ ನಂದು ಅಂತ ಒಂದು ಕೆಲಸ ಸಿಕ್ಕಿದೆ. ಯಾರೋ ಪೋಲಿಗಳಿಗೆ ಹೆದರಿ ಯಾಕಮ್ಮ ಬಿಡ್ಲಿ?" ಅನ್ನುತ್ತಿದ್ದಳು.

ಎದುರು ಮನೆಗೆ ಕಳ್ಳರು ನುಗ್ಗಿದ ಮೇಲೆ ಯಜಮಾನರಿಗೆ ಹುಮ್ಮಸ್ಸು ಬಂತು. ಮಿಲ್ಲಿನ ಗೋದಾಮು ಖಾಲಿ ಮಾಡುವಾಗ ಒಂದು ಪೆಟ್ಟಿಗೆ ಹೊಸ ಬೀಗ ತಂದರು. ಬಾಗಿಲು ಎಳೆದುಕೊಂಡರೆ ತಾನಾಗಿ ಬೀಳುವ ಗಟ್ಟಿ ಬೀಗ. ಓಣಿಯ ಎಲ್ಲ ಮನೆಗೂ ಕೂರಿಸಿ, ಮೀಸೆ ತಿರುವಿಕೊಂಡು ಓಡಾಡಿದರು.

ಒಂದು ಸಂಜೆ ನಾನು ಒಲೆಯ ಮುಂದಿದ್ದೆ. ಪಕ್ಕದ ಮನೆಯ ಬಸ್ ಕಂಡಕ್ಟರ್ ಕತ್ತಲಲ್ಲಿ ಬಾಗಿಲು ತೆಗೆದುಕೊಂಡು ಬಂದು, ಬೂಟು ಬಿಚ್ಚಿ, ನಮ್ಮ ಮಂಚದ ಮೇಲೆ ಉರುಳಿ, "ಬೇಗ ಊಟ ಹಾಕೇ, ಹೊಟ್ಟೆ ಚುರುಗುಟ್ತಿದೆ" ಅಂದ. ನಾನು ಸೌಟು ಎತ್ತಿದೆ. ಅವನು ದಡಬಡಿಸಿ ಎದ್ದು, "ಅಕ್ಕಾ! ನೀವ್ಯಾಕೆ ನಮ್ಮನೇಲಿ?" ಅಂದ. ಆಮೇಲೆ ಇಬ್ಬರೂ ಅವನ ಕೈಯಲ್ಲಿದ್ದ ಕೀಲಿ ನೋಡಿದೆವು.

ಅವನ ಕೀಲಿ ನಮ್ಮ ಬಾಗಿಲಿಗೆ ಸರಿಯಾಗಿತ್ತು. ನಮ್ಮದು ದರ್ಜಿಯ ಮನೆಗೆ, ದರ್ಜಿಯದು ಓಣಿಯ ಬಾಯಲ್ಲೇ ಇರುವ ಮೂಲೆಮನೆ ಅಜ್ಜಿಯ ಬಾಗಿಲಿಗೆ. ಕಾವಲುಗಾರ ಒಂದೇ ಕೀಲಿಯಲ್ಲಿ ಎಲ್ಲ ಕೋಣೆ ತೆಗೆಯಲಿ ಅಂತ ಮಿಲ್ಲಿನವರು ಮಾಡಿಸಿಟ್ಟಿದ್ದ ಬೀಗಗಳವು. ಓಣಿಗೆ ಓಣಿಯೇ ನಮ್ಮ ಬಾಗಿಲಿಗೆ ಬಂತು.

"ನೋಡಿ ಹಾಕೋಕೆ ಏನಾಗಿತ್ತೋ ನಿಂಗೆ?" ಅಂತ ಒಂಟಿಯಾಗಿದ್ದ ಅಜ್ಜಿ ಎಲ್ಲರಿಗಿಂತ ಜೋರಾಗಿ ತರಾಟೆಗೆ ತೆಗೆದುಕೊಂಡಳು.

"ಒಂದೊಂದು ಬೀಗಕ್ಕೂ ಅದರದೇ ಕೀಲಿ ಹಾಕಿ ನೋಡ್ದೆ ಅಜ್ಜಿ. ಒಬ್ಬರ ಬಾಗಿಲಿಗೆ ಇನ್ನೊಬ್ಬರ ಕೀಲಿ ಹಾಕೋದು ಕಳ್ಳರ ಬುದ್ಧಿ, ನಂಗೆಲ್ಲಿ ಹೊಳೀಬೇಕು?" ಅಂದರು ಯಜಮಾನರು. ಮುಖ ಇಷ್ಟೇ ಇಷ್ಟಾಗಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ ನನಗೆ. ಎಲ್ಲ ಬೀಗ ಬದಲಿಸಿಕೊಡುತ್ತೇನೆ, ನಾಳೆ ಅಜ್ಜಿಯ ಮನೆಯಿಂದಲೇ ಶುರು ಅಂತ ಒಪ್ಪಿಕೊಂಡರು.

ಆವತ್ತೇ ಮಗಳ ಬಸ್ಸು ತಡವಾಯಿತು. ಈ ಕೀಲಿಯ ಪುರಾಣವನ್ನು ಅವಳಿಗೂ ಫೋನಿನಲ್ಲಿ ಹೇಳಿದ್ದೆ. ಅವಳು ಇಳಿಯುತ್ತಿದ್ದಂತೆ ಬೈಕಿನಲ್ಲಿ ಇಬ್ಬರು ದೀಪ ಆರಿಸಿ ಹಿಂದೆ ಬಿದ್ದರು. ಒಬ್ಬ ಇಳಿದು ಬ್ಯಾಗಿಗೆ ಕೈ ಹಾಕಿದ. ಅವಳು ಕೊಸರಿಕೊಂಡು ಓಡಿದಳು. ನಮ್ಮ ಮನೆಯವರೆಗೆ ಓಡಿದ್ದರೆ ಸಿಕ್ಕಿಬೀಳುತ್ತಿದ್ದಳು. ಹತ್ತಿರವಿದ್ದದ್ದು ಅಜ್ಜಿಯ ಬಾಗಿಲು. ಕೀಲಿ ಹಾಕಿ, ಒಳಗೆ ನುಗ್ಗಿ, ಎಳೆದುಕೊಂಡಳು. ಅಜ್ಜಿ ಕಿಟಕಿಯಿಂದ ಬಾಯಿ ಮಾಡಿದ ರಭಸಕ್ಕೆ ಓಣಿಯೆಲ್ಲ ಹೊರಗೆ ಬಂತು. ಆ ದರಿದ್ರದವರು ಬೈಕ್ ತಿರುಗಿಸಿ ಪರಾರಿ.

ನಾನು ಹೋದಾಗ ಅವಳು ನೀರು ಕುಡಿಯುತ್ತಿದ್ದಳು. ತಬ್ಬಿಕೊಂಡು ಅತ್ತೆ. ಅಳು ನಿಂತ ಮೇಲೆ, "ಸಾಕು, ನಾಳೆಯಿಂದ ಕೆಲಸಕ್ಕೆ ಹೋಗಕೂಡದು" ಅಂದೆ. ಅವಳು ಲೋಟ ತೊಳೆದಿಟ್ಟು ಬಂದಳು.

ಬೆಳಗ್ಗೆ ಯಜಮಾನರು ಸ್ಕ್ರೂಡ್ರೈವರ್ ಹಿಡಿದು ಅಜ್ಜಿಯ ಮನೆಗೆ ಹೋದರು. ನಾನೂ ಹೋದೆ.

"ಬೀಗಕ್ಕೆ ಕೈ ಹಾಕಿದ್ರೆ ನೋಡು!" ಅಂದಳು ಅಜ್ಜಿ.

"ಎಲ್ಲರ ಹತ್ರಾನೂ ಇದೇ ಕೀಲಿ ಇದೆ ಅಜ್ಜಿ."

"ಇರಲಿ ಬಿಡೋ. ನಿನ್ನ ಮಗಳು ಇವತ್ತೂ ಈ ದಾರೀಲೇ ಬರಬೇಕಲ್ಲ?"

ಕಂಡಕ್ಟರನೂ "ನಮ್ಮದೂ ಹಾಗೇ ಇರಲಿ" ಅಂದ. ದರ್ಜಿ ಮಾತ್ರ ಬದಲಿಸಿಕೊಂಡ, ಅವನಿಷ್ಟ.

ಮಧ್ಯಾಹ್ನ ಮಗಳು ಚಪ್ಪಲಿ ಮೆಟ್ಟಿಕೊಂಡು ನನ್ನ ಮುಖ ನೋಡಿದಳು. ಬೇಡ ಅನ್ನಲು ಬಾಯಿ ತೆರೆದವಳು, "ಹುಷಾರಾಗಿ ಹೋಗಿ ಬಾ" ಅಂದುಬಿಟ್ಟೆ.

ಕತ್ತಲಾಯಿತು. ಒಲೆಯ ಮುಂದೆ ಕೂತಿದ್ದೆ, ಕಿವಿ ಮಾತ್ರ ಬೀದಿಯಲ್ಲಿತ್ತು. ಓಣಿಯ ಬಾಯಲ್ಲಿ ಅಜ್ಜಿಯ ದನಿ ಕೇಳಿತು: "ಬಂದ್ಯೇನೇ?" ಸ್ವಲ್ಪ ಹೊತ್ತಿಗೆ ಎದುರು ಮನೆಯವಳು: "ಬಂದ್ಯಾ ತಾಯಿ?" ಆಮೇಲೆ ದರ್ಜಿಯ ಹೆಂಡತಿ, ಆಮೇಲೆ ಕಂಡಕ್ಟರ್. ನಾನು ಎದ್ದು ತಟ್ಟೆ ಹಾಕಿದೆ.