ಪಲ್ಪರಿಗೆ ಹಾಕಿದ ಸುಟ್ಟ ಕಾಂಟ್ಯಾಕ್ಟರ್

ಆಲ್ದೂರಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನಾನು ಎಲೆಕ್ಟ್ರಿಷಿಯನ್. ಕೊಯ್ಲು ಜೋರಾಗಿದ್ದಾಗಲೇ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಹೌಸಿನಲ್ಲಿ ಕೆಪಾಸಿಟರ್ ಪ್ಯಾನೆಲಿನ ಕಾಂಟ್ಯಾಕ್ಟರ್, ಅಂದರೆ ಕರೆಂಟನ್ನು ಕೂಡಿಸಿ ಬಿಡಿಸುವ ಸ್ವಿಚ್ಚು, ಕೈಕೊಟ್ಟಿತು. ಕೆಪಾಸಿಟರಿಗೆಂದೇ ಮಾಡಿದ್ದು ಬರಲು ನಾಲ್ಕು ದಿನ ಬೇಕು, ಅಲ್ಲಿಯವರೆಗೆ ಮೋಟರಿನದ್ದನ್ನು ಮಾತ್ರ ಹಾಕಬೇಡಿ ಎಂದು ಮೂಡಿಗೆರೆಯ ಅಂಗಡಿಯವರು ಹೇಳಿಯೇ ಕಳಿಸಿದ್ದರು. ಕೆಪಾಸಿಟರ್ ಸೇರುವ ಆ ಒಂದು ಕ್ಷಣ ವಿಪರೀತ ಕರೆಂಟು ಎಳೆಯುತ್ತದೆ. ಅದನ್ನು ತಡೆದು ನಿಧಾನಕ್ಕೆ ಬಿಡುವ ತಂತಿ ಮೋಟರಿನದ್ದರಲ್ಲಿ ಇರುವುದಿಲ್ಲ. ಗೊತ್ತಿತ್ತು. ಆದರೂ ಆಂಪಿಯರ್ ಸರಿ ಇದೆಯಲ್ಲ ಎಂಬ ಅತಿಬುದ್ಧಿಯಿಂದ ಮೋಟರಿನ ಸ್ಪೇರನ್ನೇ ಜೋಡಿಸಿದೆ.

ಸರಿಯಾದದ್ದು ಬಂದ ಮೇಲೆ ಸ್ಪೇರನ್ನು ಬಿಚ್ಚಿದರೆ ಒಳಗೆ ಕರೆಂಟು ಕೂಡಿಸುವ ಪಾಯಿಂಟುಗಳು ಕಪ್ಪಗೆ ಸುಟ್ಟಿದ್ದವು. ಎಸೆಯಬೇಕಿತ್ತು. ನನಗೆಲ್ಲಿ ಎಸೆಯಲು ಮನಸ್ಸು ಬರುತ್ತದೆ? ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಇಟ್ಟುಕೊಂಡೆ. ಮರುವಾರ ಪಲ್ಪರ್ ಮೋಟರಿನ ಕಾಂಟ್ಯಾಕ್ಟರ್ ಹೋದಾಗ ಅದನ್ನೇ ಅಲ್ಲಿಗೆ ಹಾಕಿದೆ.

ಅದೇ ಮಧ್ಯಾಹ್ನ ಕರೆಂಟು ಹೋಗಿ ಪಲ್ಪರ್ ನಿಂತಿತು. ಕರೆಂಟು ಹೋದೊಡನೆ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳಬೇಕು. ಮತ್ತೆ ಬಂದರೂ ಗುಂಡಿ ಒತ್ತದೆ ಮೋಟರ್ ತಿರುಗಬಾರದು. ಆ ನಂಬಿಕೆಯಲ್ಲೇ ಪಲ್ಪರ್ ನೋಡಿಕೊಳ್ಳುವ ಅಕ್ಕ, ಒಳಗೆ ಸಿಕ್ಕಿಕೊಂಡಿದ್ದ ಕಲ್ಲು ತೆಗೆಯಲು ಕೈ ಹಾಕಿದ್ದರು. ಕರೆಂಟು ಬಂತು. ಯಾರೂ ಗುಂಡಿ ಒತ್ತಲಿಲ್ಲ, ಪಲ್ಪರ್ ತಿರುಗಿತು.

ಮೇನ್ ಸ್ವಿಚ್ ಎಳೆದು ಓಡಿದೆ. ಅಕ್ಕ ಎರಡೂ ಕೈ ತಲೆಯ ಮೇಲಿಟ್ಟು ನಿಂತಿದ್ದರು. ತಲೆಗೆ ಕಟ್ಟಿದ್ದ ಬಟ್ಟೆ ಜಾರಿತೆಂದು ಆಗಷ್ಟೇ ಕೈ ಹೊರಗೆ ತೆಗೆದಿದ್ದರಂತೆ. ಅವರ ಕೈ ಹಿಡಿದು ಬೆರಳು ಎಣಿಸಿದೆ. ಹತ್ತೂ ಇದ್ದವು. ಹೋದ ಜೀವ ಬಂದಂತಾಯಿತು. ಅಲ್ಲೇ ಸಿಮೆಂಟು ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಬಿಚ್ಚಿ ನೋಡಿದರೆ ಪಾಯಿಂಟುಗಳು ಒಂದಕ್ಕೊಂದು ಬೆಸೆದುಕೊಂಡು, ಕರೆಂಟು ಹೋದಾಗಲೂ ಬಿಟ್ಟುಕೊಂಡಿರಲಿಲ್ಲ. ತಪ್ಪು ನನ್ನದೆಂದು ಅಕ್ಕನಿಗೆ ಏನೂ ಮುಚ್ಚಿಡದೆ ಹೇಳಿದೆ. ಮೂಡಿಗೆರೆಗೆ ಹೋಗಿ ಮೋಟರಿಗೆ ತಕ್ಕ ಹೊಸದನ್ನೇ ತಂದು ಕೂರಿಸಿ, ಬೆಲ್ಟ್ ಬಿಚ್ಚಿ, ಮೋಟರ್ ಓಡುವಾಗಲೇ ಮೇನ್ ಇಳಿಸಿ ಏರಿಸಿ ಎಷ್ಟೋ ಸಲ ನೋಡಿದೆ. ಒಮ್ಮೆಯೂ ತಾನಾಗಿ ತಿರುಗಲಿಲ್ಲ. ಕೊನೆಗೆ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಇನ್ನು ಕಲ್ಲು ತೆಗೆಯಬಹುದು ಅಂದೆ.

“ಮೊದ್ಲು ನೀನು ಕೈ ಹಾಕು ಮಾರಾಯ” ಅಂದರು ಅಕ್ಕ.

ಹಾಕಿದೆ. ಫ್ಯೂಸು ನನ್ನ ಜೇಬಿನಲ್ಲೇ ಇದ್ದರೂ ಎರಡೆರಡು ಸಲ ಕೈ ಹಿಂದಕ್ಕೆ ತೆಗೆದು ಜೇಬು ಮುಟ್ಟಿ ನೋಡಿಕೊಂಡೆ. ಅಕ್ಕ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ತಾವೇ ಕೈ ಹಾಕಿ ಕಲ್ಲು ತೆಗೆದರು.