ಗುಬ್ಬಿ ಸಂತೆಯಲ್ಲಿ ಸೊಟ್ಟ ಕುಡಿಕೆ

ಹೋದ ವಾರ ಗುಬ್ಬಿ ಸಂತೆಯಲ್ಲಿ ನಿಂತು ನಾನು ಕೇಳಬಾರದ್ದೊಂದನ್ನು ಕೇಳಿದೆ.

"ಸೊಟ್ಟಗಿರೋ ಕುಡಿಕೆ ಇದ್ಯಾ?"

ಗೋಣಿತಾಟಿನ ಮೇಲೆ ಮಡಕೆ ಜೋಡಿಸಿಕೊಂಡು ಕೂತಿದ್ದ ಹೆಂಗಸು ತಲೆಯೆತ್ತಿ ನನ್ನನ್ನು ನೋಡಿದರು. ಪಕ್ಕದಲ್ಲಿದ್ದ ನನ್ನ ಗೆಳತಿ ಫರ್ಜಾನಾಳನ್ನು ನೋಡಿದರು. ಮತ್ತೆ ನನ್ನನ್ನೇ ನೋಡಿದರು.

"ಸೊಟ್ಟದ್ದಾ? ಯಾಕವ್ವಾ, ಯಾರಾದ್ರೂ ತೀರ್ಕಂಡವ್ರಾ?"

"ಅಯ್ಯೋ, ಇಲ್ಲ ಇಲ್ಲ. ಸ್ಕೂಲಿಗೆ."

"ಸ್ಕೂಲಿಗೆ ಸೊಟ್ಟದ್ಯಾಕೆ? ಮಕ್ಳು ನೆಟ್ಟಗಿರೋದ್ನ ನೋಡ್ಬಾರ್ದಾ?"

(ಇದಕ್ಕೆ ಉತ್ತರವನ್ನು ನಮಗೆ ಕಾನ್ವೆಂಟಿನಲ್ಲಿ ಹೇಳಿಕೊಟ್ಟಿರಲಿಲ್ಲ.)

ಫರ್ಜಾನಾ ಅಂಗಡಿ ಮನೆತನದವಳು, ವ್ಯವಹಾರ ಬಲ್ಲವಳು. ಮುಂದೆ ಬಂದಳು. "ನೋಡಕ್ಕಾ, ಸ್ವಲ್ಪ ಓರೆ ಆಗಿರೋದು, ಡ್ಯಾಮೇಜ್ ಆಗಿರೋದು ಇರ್ತಾವಲ್ಲ, ಅಂಥದ್ದು ನಲವತ್ತು ಪೀಸ್ ಕೊಡಿ ಸಾಕು."

ಹೆಂಗಸಿಗೆ ಸಿಟ್ಟೇ ಬಂತು. "ಅಂಥದ್ದೆಲ್ಲ ನಮ್ಮತ್ರ ಇಲ್ಲ ಬುಡವ್ವ. ಸೊಟ್ಟಗಾದ್ರೆ ನಮ್ಮನೆಯೋರು ಸುಡಾಕೇ ಇಕ್ಕಾಕಿಲ್ಲ. ಹಸೀಲೇ ಅಮುಕಿ ಮಣ್ಣಿಗೆ ಸೇರಿಸ್ಬುಡ್ತಾರೆ."

ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಆದರೆ ಬಿಸಿಲಿತ್ತು, ಅವಸರವಿತ್ತು, ಮಾಡುತ್ತಿದ್ದುದು ಕಳ್ಳ ಕೆಲಸ ಬೇರೆ. ಅಂಥ ಹೊತ್ತಿನಲ್ಲಿ ತಲೆ ಓಡುತ್ತದೆಯೇ? ವಿಧಿಯಿಲ್ಲದೆ ನಲವತ್ತು ನೆಟ್ಟನೆಯ ಕುಡಿಕೆಗಳನ್ನೇ ಕೊಂಡು, ಹಳೇ ನೈಟಿಗಳಲ್ಲಿ ಸುತ್ತಿ, ಫರ್ಜಾನಾಳ ಕಾರಿನ ಡಿಕ್ಕಿಗೆ ತುಂಬಿ ತುಮಕೂರಿಗೆ ಬಂದೆವು.

ಗೃಹಿಣಿಯರಿಬ್ಬರು ಹೀಗೇಕೆ ಮಾಡಿದರು ಅಂತ ನೀವು ಕೇಳುತ್ತೀರಿ. ಹೇಳುತ್ತೇನೆ.

ನನ್ನ ಮಗಳು ಸಿಂಚನ ಓದುವ ಸ್ಕೂಲಿನಲ್ಲಿ ಈ ವರ್ಷ ಹೊಸದೊಂದು ಪ್ರೋಗ್ರಾಂ. ಕಲಾವಿದರನ್ನು ಸ್ಕೂಲಿಗೆ ಕರೆಸುವುದು, ಮಕ್ಕಳಿಂದ ಕೈಯಾರೆ ಏನಾದರೂ ಮಾಡಿಸುವುದು. "ಪೇರೆಂಟ್ಸ್‌ಗೆ ಯಾರಿಗಾದ್ರೂ ಆರ್ಟಿಸ್ಟ್ ಗೊತ್ತಾ?" ಎಂದು ಪ್ರಿನ್ಸಿಪಾಲ್ ಮೇಡಂ ಮೀಟಿಂಗಿನಲ್ಲಿ ಕೇಳಿದಾಗ ನಾನು ಕೈ ಎತ್ತಿದೆ. ನನಗೆ ಗೊತ್ತಿದ್ದ ಆರ್ಟಿಸ್ಟ್ ಒಬ್ಬರೇ. ಮಡಕೆ ಮಾಡುವ ರಂಗಪ್ಪನವರು. ಗುಬ್ಬಿ ಕಡೆಯ ಹಳ್ಳಿಯವರು. ಬೇಸಿಗೆ ಬಂತೆಂದರೆ ನಮ್ಮ ಬಡಾವಣೆಯ ತಿರುವಿನಲ್ಲಿ ನೀರಿನ ಮಡಕೆ ಇಟ್ಟುಕೊಂಡು ಕೂರುತ್ತಾರೆ. ಕುಣಿಗಲ್ಲಿನಲ್ಲಿ ನಮ್ಮಮ್ಮ ಇವತ್ತಿಗೂ ಫ್ರಿಜ್ಜಿಗೆ ಬೆನ್ನು ಹಾಕಿ ನೀರು ಕುಡಿಯುವುದು ಅವರ ಮಡಕೆಯಿಂದಲೇ.

"ಎಲ್ಲೆಲ್ಲಿ ಎಕ್ಸಿಬಿಷನ್ ಮಾಡಿದಾರೆ?" ಮೇಡಂ ಪೆನ್ನು ಹಿಡಿದು ಕೇಳಿದರು.

"ಪ್ರತಿ ಬೇಸಿಗೆ, ಫುಟ್‌ಪಾತಿನಲ್ಲಿ, ಮೇಡಂ."

ಅವರು ಒಂದು ಕ್ಷಣ ಪೆನ್ನಿನ ತುದಿ ನೋಡಿದರು. ಆಮೇಲೆ 'ಟೆರಾಕೋಟಾ ಕಲಾವಿದರು' ಎಂದು ಬರೆದುಕೊಂಡರು. (ರಂಗಪ್ಪನವರಿಗೆ ಇದನ್ನು ತಿಳಿಸಿದಾಗ, "ಅದೇನು ತಾಯಿ, ನಂಗೇನಾದ್ರೂ ಕಾಯ್ಲೆನಾ?" ಅಂದರು.)

ಒಪ್ಪಂದ ಇಷ್ಟು. ಮೊದಲು ಒಂದು ಶನಿವಾರ ಟ್ರಯಲ್. ಸ್ಕೂಲಿನ ಸೆಕ್ರೆಟರಿಯವರಿಗೆ ಹಿಡಿಸಿದರೆ ವರ್ಷವಿಡೀ ಪ್ರತಿ ಶನಿವಾರ.

ಶನಿವಾರ ವೈಟ್ ಯೂನಿಫಾರ್ಮಿನ ದಿನ ಅನ್ನುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಲವತ್ತು ಬಿಳಿ ಕೊಕ್ಕರೆಗಳು ಒದ್ದೆ ಜೇಡಿಮಣ್ಣಿನ ಸುತ್ತ ಕೂತಿದ್ದವು. ಯಾರೂ ಮುಟ್ಟಲೊಲ್ಲರು. "ತಾತಾ, ಮಾರ್ಜಿನ್ ಬಿಡ್ಬೇಕಾ?" ಅಂತ ಒಬ್ಬಳು. "ಇದು ಎಷ್ಟು ಮಾರ್ಕ್ಸಿಗೆ?" ಅಂತ ಇನ್ನೊಬ್ಬ. ರಂಗಪ್ಪನವರು, "ಕೈ ಹಾಕ್ರಪ್ಪಾ, ಮಣ್ಣು ಕಚ್ಚಾಕಿಲ್ಲ" ಅಂದರು. ಕಚ್ಚಲಿಲ್ಲ. ಅರ್ಧ ಗಂಟೆಯಲ್ಲಿ ಕೊಕ್ಕರೆಗಳು ಎಮ್ಮೆಕರುಗಳಾಗಿದ್ದವು. ಆ ಮಕ್ಕಳು ಅಷ್ಟು ಸದ್ದಿಲ್ಲದೆ ಕೂತಿದ್ದನ್ನು ನಾನು ಪರೀಕ್ಷೆಯ ದಿನವೂ ನೋಡಿಲ್ಲ.

ಕೊನೆಯಲ್ಲಿ ನಲವತ್ತು ಕುಡಿಕೆಗಳಾದವು. ಓರೆಯವು, ಗುಜ್ಜವು, ಕುಡಿಕೆಯೋ ಇಡ್ಲಿಯೋ ಅನ್ನಿಸುವಂಥವು. ರಂಗಪ್ಪನವರು ಮೊದಲ ಸಾಲಿಗೆ ಬಂದು ಒಂದೊಂದನ್ನೂ ಎತ್ತಿ, ತಿರುಗಿಸಿ ನೋಡಿ, ಆ ಮಗುವಿಗೆ ಏನೋ ಒಂದು ಮಾತು ಹೇಳಿ, ಅಂಗೈಯಲ್ಲಿಟ್ಟು ಪಚಕ್ ಅಂತ ಅಮುಕಿಬಿಟ್ಟರು.

ಮಕ್ಕಳು ಬಾಯಿ ತೆರೆದುಕೊಂಡು ನೋಡಿದವು.

"ಮೊದಲ್ನೇದು ಕೈಗೆ ಗೊತ್ತಾಗಾಕೆ. ಇಟ್ಕಳಾಕಲ್ಲ. ನಮ್ಮಪ್ಪನೂ ನಂಗೆ ಹಿಂಗೇ ಮಾಡಿದ್ದು. ಸೊಟ್ಟದ್ದು ವಾಪಸ್ ಮಣ್ಣಿಗೆ."

ಮುಂದಿನ ಸಾಲಿಗೆ ಅವರು ಬರುವಷ್ಟರಲ್ಲಿ ಮಕ್ಕಳೇ ಕಿರುಚಾಡುತ್ತ ತಮ್ಮ ತಮ್ಮ ಕುಡಿಕೆಗಳನ್ನು ಅಮುಕುತ್ತಿದ್ದರು. ನಮ್ಮ ಸಿಂಚನ ಮಾತ್ರ ತನ್ನದನ್ನು ಎರಡೂ ಕೈಯಲ್ಲಿ ಹಿಡಿದು ಕಾದಿದ್ದಳು. ರಂಗಪ್ಪನವರು ನೋಡಿದರು. "ಹೊಟ್ಟೆ ಚೆಂದಾಗಿ ಬಂದೈತೆ ಕಣವ್ವ. ಕಂಠ ಇಲ್ಲ ಅಷ್ಟೇ. ಮುಂದಿನ್ ಶನಿವಾರ ಕಂಠ ಎತ್ತೋದು ಹೇಳ್ಕೊಡ್ತೀನಿ." ಅವಳೇ ಅಮುಕಿ ಮಣ್ಣಿನ ಉಂಡೆಯನ್ನು ಅವರ ಕೈಗಿಟ್ಟಳು.

ಆ ಒಂದು ವಾಕ್ಯವನ್ನು ಅವಳು ಮನೆಗೆ ತಂದಳು. ಅವರಪ್ಪನಿಗೆ ಹೇಳಿದಳು, ಹಾಲಿನವನಿಗೆ ಹೇಳಿದಳು, ಕುಣಿಗಲ್ಲಿಗೆ ಫೋನ್ ಮಾಡಿ ಅಜ್ಜಿಗೂ ಹೇಳಿದಳು. ಮುಂದಿನ ಶನಿವಾರ ಕಂಠ.

ಅಷ್ಟರಲ್ಲಿ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಬೆಂಕಿ ಬಿದ್ದಿತ್ತು. "ನನ್ ಮಗನ ಐಟಂ ಎಲ್ಲಿ?" "ವೈಟ್ ಯೂನಿಫಾರ್ಮ್ ಹಾಳಾಯ್ತು, ಕೈಗೇನೂ ಬರ್ಲಿಲ್ಲ." "ಅಂಕಲ್ ಎಲ್ಲಾರ್ದೂ ಒಡೆದ್ರಂತೆ, ಇದು ಟ್ರೈನಿಂಗಾ?" ಒಬ್ಬರು ಕೋಪದ ಮುಖದ ಎಮೋಜಿಯನ್ನು ಹನ್ನೊಂದು ಸಲ ಹಾಕಿದ್ದರು.

ನಾನು ಓದುತ್ತಾ ಕಾವಲಿಯ ಮುಂದೆ ನಿಂತಿದ್ದೆ. ಮೊದಲ ದೋಸೆ ಎಂದಿನಂತೆ ಅಂಟಿಕೊಂಡಿತು. ಎಂದಿನಂತೆ ಕೆರೆದು ಪಕ್ಕಕ್ಕೆ ಹಾಕಿ ಎರಡನೆಯದು ಹೊಯ್ದೆ. ಗ್ರೂಪಿನ ನಲವತ್ತೂ ಅಡುಗೆಮನೆಗಳಲ್ಲಿ ಆ ಹೊತ್ತಿಗೆ ಇದೇ ನಡೆದಿತ್ತು ಅಂತ ನಾನು ಆಣೆ ಮಾಡಬಲ್ಲೆ. ನಾವು ಯಾರಾದರೂ ಮೊದಲ ದೋಸೆಯನ್ನು ನೆಂಟರಿಗೆ ಬಡಿಸುತ್ತೇವಾ?

ಇದನ್ನು ಗ್ರೂಪಿನಲ್ಲಿ ಬರೆಯಬೇಕಿತ್ತು. ಟೈಪ್ ಮಾಡಿ, ಅಳಿಸಿ, ಕೈ ಮುಗಿಯುವ ಎಮೋಜಿ ಹಾಕಿದೆ. (ಇದನ್ನು ಮಾತ್ರ ಕಾನ್ವೆಂಟಿನಲ್ಲಿ ಚೆನ್ನಾಗಿ ಕಲಿತಿದ್ದೆ.)

ಸೋಮವಾರ ಮೇಡಂ ಕರೆಸಿದರು. "ಶುಕ್ರವಾರ ಡಿಸ್‌ಪ್ಲೇ ಇದೆ. ಔಟ್‌ಪುಟ್ ನೋಡ್ದೆ ಕಂಟಿನ್ಯೂ ಮಾಡಲ್ಲ ಅಂತ ಸೆಕ್ರೆಟರಿ ಖಡಾಖಂಡಿತವಾಗಿ ಹೇಳಿದಾರೆ. ನೀವೇ ತಂದ ಆರ್ಟಿಸ್ಟು. ನೀವೇ ಏನಾದ್ರೂ ಮಾಡಿ."

ಅದಕ್ಕೇ ಗುಬ್ಬಿ ಸಂತೆ. ರಂಗಪ್ಪನವರ ಶನಿವಾರಗಳನ್ನು ಉಳಿಸಬೇಕು, ಅದು ಅವರಿಗೇ ಗೊತ್ತಾಗಬಾರದು. ತುಮಕೂರಿನಲ್ಲಿ ಕೊಂಡರೆ ಅವರ ಪರಿಚಯದವರು ಯಾರಾದರೂ ನೋಡಿಯಾರು ಅಂತ ಗುಬ್ಬಿಗೆ ಹೋದೆವು. (ಅವರ ಊರೇ ಆ ಕಡೆ ಅನ್ನುವುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.) ಸೊಟ್ಟದ್ದೇ ಸಿಕ್ಕಿದ್ದರೆ ಮಕ್ಕಳು ಮಾಡಿದ್ದು ಅಂತ ಯಾರಾದರೂ ನಂಬುತ್ತಿದ್ದರು. ಸಿಗಲಿಲ್ಲ.

ಬುಧವಾರ ಮಕ್ಕಳ ಮುಂದೆ ಒಂದೊಂದು ಕುಡಿಕೆ, ಪೇಂಟು, ಹೆಸರಿನ ಸ್ಟಿಕರ್ ಇಡಲಾಯಿತು. "ಮಿಸ್, ಇದು ನಂದಲ್ಲ" ಎಂದನಂತೆ ಒಬ್ಬ. "ಹೆಸರು ಅಂಟಿಸಿದ್ಮೇಲೆ ನಿಂದೇ ಕಣೋ" ಎಂದರಂತೆ ಮಿಸ್.

ಸಿಂಚನ ಮನೆಗೆ ಬಂದವಳು ಶೂ ಬಿಚ್ಚುತ್ತಾ ಹೇಳಿದಳು. "ಅಮ್ಮಾ, ಅದಕ್ಕೆ ಕಂಠ ಇದೆ. ನಂಗಿನ್ನೂ ಹೇಳ್ಕೊಟ್ಟೇ ಇಲ್ಲ."

"ಸುಮ್ನಿರೇ. ಶನಿವಾರ ತಾತ ಬರ್ಬೇಕು ಅಂದ್ರೆ ಸುಮ್ನಿರು."

ಸುಮ್ಮನಾದಳು. ಮಕ್ಕಳು ಇಷ್ಟು ಬೇಗ ಸುಮ್ಮನಾಗಬಾರದು. ಶೂವಿನ ಲೇಸನ್ನು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದಳು.

ಶುಕ್ರವಾರ ರಂಗಪ್ಪನವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದರು. ಸ್ಕೂಲಿನವರು ತಲೆಗೊಂದು ಮೈಸೂರು ಪೇಟ ಇಟ್ಟು ವೇದಿಕೆಯಲ್ಲಿ ಕೂರಿಸಿದರು. ಸೆಕ್ರೆಟರಿಯವರು ಡಿಸ್‌ಪ್ಲೇ ಸುತ್ತಿ, ಕೈ ಹಿಂದೆ ಕಟ್ಟಿಕೊಂಡು ನೋಡಿ, ತಾವೇ ಫಸ್ಟ್ ಪ್ರೈಜ್ ಆರಿಸಿದರು. ಯಾರದ್ದು ಹೇಳಿ?

"ಸಿಂಚನ, ಫಿಫ್ತ್ ಬಿ!"

ಕುಡಿಕೆಯನ್ನೂ ಸರ್ಟಿಫಿಕೇಟನ್ನೂ ಮಗುವಿಗೆ ಕೊಡಬೇಕಾದವರು ರಂಗಪ್ಪನವರು. ಟ್ರೇ ಹಿಡಿದು ಅವರ ಹಿಂದೆ ನಿಂತವಳು ನಾನು.

ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಎಷ್ಟು ಚೆಂದದ ಕಸೂತಿ ಹಾಕಿ ಕೊಟ್ಟರೂ ಮೊದಲು ಬಟ್ಟೆಯ ಹಿಂಬದಿ ತಿರುಗಿಸಿ ನೋಡುತ್ತಿದ್ದರು. ರಂಗಪ್ಪನವರೂ ಅದನ್ನೇ ಮಾಡಿದರು. ಕುಡಿಕೆಯನ್ನು ಬೋರಲು ಹಾಕಿ ತಳ ನೋಡಿದರು. ತಳದಲ್ಲಿ ಉಗುರಿನಿಂದ ಎಳೆದ ಮೂರು ಗೀರು. ಕುಣಿಗಲ್ಲಿನ ಮಡಕೆಯ ತಳದಲ್ಲೂ ಅದೇ ಮೂರು ಗೀರು. ಪ್ರತಿ ಸಲ ಹೋದಾಗಲೂ ಅದನ್ನು ಉಜ್ಜುವವಳು ನಾನೇ. ನಲವತ್ತು ಕುಡಿಕೆಗಳಲ್ಲಿ ಒಂದನ್ನಾದರೂ ನಾನು ತಿರುಗಿಸಿ ನೋಡಬಾರದಿತ್ತೇ?

"ತಾತಾ, ಇದು ನಾನು ಮಾಡಿದ್ದಲ್ಲ," ಸಿಂಚನ ಮೆಲ್ಲಗೆ ಹೇಳಿದಳು.

"ಗೊತ್ತು ಕಣವ್ವ."

"ಹೆಂಗೆ?"

"ನಾನೇ ಮಾಡಿದ್ದು."

ಅವಳು ಸ್ವಲ್ಪ ಯೋಚಿಸಿದಳು. ಸರ್ಟಿಫಿಕೇಟನ್ನು ತಿರುಗಿಸಿ ಅವರ ಕೈಗೇ ಕೊಟ್ಟಳು. "ಹಂಗಾದ್ರೆ ಇದು ನಿಮ್ದು."

"ಸರ್, ಈ ಕಡೆ ನೋಡಿ" ಅಂದ ಫೋಟೋಗ್ರಾಫರ್. ಫೋಟೋ ನನ್ನ ಹತ್ತಿರ ಇದೆ. ಕಲಾವಿದರು ಮಗುವಿಗೆ ಬಹುಮಾನ ಕೊಡುತ್ತಿದ್ದಾರೆ ಅಂತಲೇ ಎಲ್ಲರೂ ತಿಳಿದಿದ್ದಾರೆ.

ರಂಗಪ್ಪನವರು ನನ್ನ ಕಡೆ ತಿರುಗಿ, ನಗುತ್ತಲೇ, ದನಿ ತಗ್ಗಿಸಿ ಹೇಳಿದರು. "ನಮ್ಮನೆಯೋಳು ಹೇಳ್ತಿದ್ಲು ತಾಯಿ. ಸಂತೇಲಿ ಯಾರೋ ಇಬ್ರು ಪ್ಯಾಟೆ ಹೆಂಗಸ್ರು ಸೊಟ್ಟ ಕುಡಿಕೆ ಕೇಳ್ಕಂಡು ಬಂದಿದ್ರಂತೆ. ಪಾಪ, ತಲೆ ಕೆಟ್ಟಿರ್ಬೇಕು ಅಂದ್ಲು."

ನನ್ನ ಕೈಯಲ್ಲಿ ಟ್ರೇ ಇಲ್ಲದಿದ್ದರೆ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಸೆಕ್ರೆಟರಿಯವರು ಮೈಕ್ ಹಿಡಿದರು. ನಾನು ಕಾಯುತ್ತಿದ್ದ ಗಳಿಗೆ. ನಾಚಿಕೆ ಹೋದರೆ ಹೋಗಲಿ, ಶನಿವಾರಗಳಾದರೂ ಉಳಿಯುತ್ತವೆ ಅಂದುಕೊಂಡೆ.

"ನಾನು ಬಹಳ ಎಕ್ಸಿಬಿಷನ್ ನೋಡಿದೀನಿ. ಇಷ್ಟು ಫಿನಿಶಿಂಗ್ ಎಲ್ಲೂ ನೋಡಿಲ್ಲ. ಒಂದೇ ದಿನಕ್ಕೆ ನಮ್ಮ ಮಕ್ಕಳು ಈ ಲೆವೆಲ್ಲಿಗೆ ಬಂದಿದಾರೆ ಅಂದ್ರೆ, ಇನ್ನು ಕಲಿಯೋಕೆ ಏನ್ರೀ ಉಳಿದಿದೆ? ಪಾಟರಿ ಕಂಪ್ಲೀಟ್! ಮುಂದಿನ ಶನಿವಾರದಿಂದ ಅಬ್ಯಾಕಸ್!"

ಚಪ್ಪಾಳೆ. ಮೇಡಂ ಫೈಲಿನಲ್ಲಿ ಟಿಕ್ ಹಾಕಿಕೊಂಡರು. ಗ್ರೂಪಿನಲ್ಲಿ ಆಗಲೇ ಅಬ್ಯಾಕಸ್ ಬುಕ್ಕು ಎಲ್ಲಿ ಸಿಗುತ್ತೆ ಅಂತ ಮೆಸೇಜು.

ಗೇಟಿನವರೆಗೆ ರಂಗಪ್ಪನವರ ಜೊತೆ ನಾನೂ ಸಿಂಚನಳೂ ಹೋದೆವು. ಪೇಟ ಸ್ಕೂಲಿನದಂತೆ, ಅಟೆಂಡರ್ ಇಸಿದುಕೊಂಡ. ಸರ್ಟಿಫಿಕೇಟನ್ನು ಮಾತ್ರ ರಂಗಪ್ಪನವರು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

"ಹುಟ್ಟಿದಾಗ್ನಿಂದ ಮಣ್ಣು ತುಳ್ದಿದೀನಿ. ಪ್ರೈಜ್ ಅಂತ ಬಂದಿದ್ದು ಇದೇ ಮೊದ್ಲು."

"ತಾತಾ, ಕಂಠ?" ಸಿಂಚನ ಅವರ ಶರ್ಟಿನ ತುದಿ ಹಿಡಿದಳು.

ಅವರು ಅವಳ ತಲೆ ಸವರಿದರು. "ನಿಮ್ಮಮ್ಮನ್ನ ಕೇಳವ್ವ" ಅಂದು ಗುಬ್ಬಿ ಬಸ್ಸಿಗೆ ಕೈ ತೋರಿಸಿದರು.

ಕೇಳುತ್ತಿದ್ದಾಳೆ. ನಾನೂ ಕೇಳಿಕೊಳ್ಳುತ್ತಿದ್ದೇನೆ. ಅವತ್ತು ಸಂತೆಯಲ್ಲಿ ನಲವತ್ತು ಸೊಟ್ಟ ಕುಡಿಕೆ ಸಿಕ್ಕಿದ್ದರೆ ಆ ಶನಿವಾರಗಳು ಉಳಿಯುತ್ತಿದ್ದವಲ್ಲವೇ?